ಕಲ್ಲಕ್ಕ ಹಡಗು ಹತ್ತಿದ್ದು

ಕಾಶಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಕಲ್ಲಕ್ಕ, "ನೀರು ಒಳ್ಳೇದು, ಬೇಳೆ ಬೇಗ ಬೇಯ್ತದೆ" ಅನ್ನುತ್ತಿದ್ದಳು. ರಾಮೇಶ್ವರ? "ಉಪ್ಪು ನೀರು. ಎರಡು ಗಂಟೆ ಕುದಿಸಿದ್ರೂ ಬೇಳೆ ಹಂಗೇ ಇರ್ತದೆ." ಪುರಿಯಲ್ಲಿ ಸೌದೆ ಹಸಿ. ಉಜ್ಜಯಿನಿಯಲ್ಲಿ ಗಾಳಿ ಜಾಸ್ತಿ, ಸ್ಟೌವ್ ಉರಿಯುವುದಿಲ್ಲ. ಹರಿದ್ವಾರದಲ್ಲಿ ಕೋತಿ ಕಾಟ. ಇಪ್ಪತ್ತೆಂಟು ವರ್ಷ ದೇಶವನ್ನೆಲ್ಲ ಸುತ್ತಿದ ಹೆಂಗಸಿಗೆ ಆ ಊರುಗಳ ಬಗ್ಗೆ ತಿಳಿದಿದ್ದು ಇಷ್ಟೇ. ಉಳಿದವರು ದರ್ಶನಕ್ಕೆ ಹೋದಾಗ ಅವಳು ಬಸ್ಸಿನ ಹಿಂದೆ ಒಲೆ ಹೂಡಿಕೊಂಡು ಕೂತಿರುತ್ತಿದ್ದಳು. ಅವರು ವಾಪಸು ಬರುವ ಹೊತ್ತಿಗೆ ಅನ್ನ, ಸಾರು, ಒಂದು ಪಲ್ಯ ಆಗಿರಬೇಕಿತ್ತು.

ಬಸ್ಸು ನಮ್ಮಪ್ಪನದು. ಗುಬ್ಬಿಯಲ್ಲಿ ಮಹಾಲಿಂಗಯ್ಯನವರ ಬಸ್ಸು ಅಂದರೆ ಯಾತ್ರೆಯ ಬಸ್ಸು ಎಂದು ಮಕ್ಕಳಿಗೂ ಗೊತ್ತಿತ್ತು. ವರ್ಷಕ್ಕೆ ಮೂರು ಸಲ ಹೊರಡುತ್ತಿತ್ತು: ರಾಗಿ ಒಕ್ಕಣೆ ಮುಗಿದ ಮೇಲೆ ಒಂದು, ಬೇಸಿಗೆಯಲ್ಲಿ ಒಂದು, ಶ್ರಾವಣ ಕಳೆದ ಮೇಲೆ ಇನ್ನೊಂದು. ಐವತ್ತೆರಡು ಸೀಟು, ಡ್ರೈವರ್ ಜುಂಜಪ್ಪ, ಅಡುಗೆಗೆ ಕಲ್ಲಕ್ಕ ಮತ್ತು ಅವಳ ಗಂಡ. ಬೆಳ್ಳಾವಿ, ಕುಣಿಗಲ್, ತುಮಕೂರಿನ ಅಂಗಡಿ ಬೀದಿಯವರು ಸೀಟಿಗಾಗಿ ಆರು ತಿಂಗಳ ಮೊದಲೇ ಹೆಸರು ಹೇಳಿ ಹೋಗುತ್ತಿದ್ದರು.

ಬೇಸಿಗೆ ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ನನಗೆ ಸೀಟು ಇರುತ್ತಿರಲಿಲ್ಲ. ಕಲ್ಲಕ್ಕನ ಅಕ್ಕಿ ಮೂಟೆಗಳ ಮೇಲೆ ಜಮಖಾನ ಹಾಸಿ, ಅದರ ಮೇಲೆ ನಾನು. ಸೀಮೆಎಣ್ಣೆ, ಹುಣಿಸೇಹಣ್ಣು, ಹುರಿದ ಕೊತ್ತಂಬರಿ ಬೀಜ ಎಲ್ಲ ಬೆರೆತ ಒಂದು ವಾಸನೆ ಅಲ್ಲಿ ಇರುತ್ತಿತ್ತು. ಈಗ ನನಗೆ ಐವತ್ತನಾಲ್ಕು. ತುಮಕೂರಿನ ಸದಾಶಿವನಗರದಲ್ಲಿ ಮನೆ, ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಆದರೂ ಯಾವುದಾದರೂ ಅಂಗಡಿಯ ಮುಂದೆ ಆ ವಾಸನೆ ಬಂದರೆ ಕಾಲು ಒಂದು ಕ್ಷಣ ನಿಲ್ಲುತ್ತದೆ.

ಕಲ್ಲಕ್ಕನ ಗಂಡ ತೊಂಬತ್ತೊಂದರಲ್ಲಿ ತೀರಿಕೊಂಡ. ಹನ್ನೊಂದನೇ ದಿನದ ಕಾರ್ಯ ಮುಗಿಸಿದ ಅವಳು ಅಪ್ಪನ ಹತ್ತಿರ ಬಂದು, "ಮುಂದಿನ ಟೂರಿಗೆ ಬೇರೆ ಭಟ್ಟರನ್ನ ಹುಡುಕ್ಬ್ಯಾಡಿ ಅಯ್ಯೋರೆ, ನಾನೊಬ್ಳೇ ಸಾಕು" ಅಂದಳು. ಹೇಳಿದ ಹಾಗೇ ಇನ್ನೂ ಹದಿನೇಳು ವರ್ಷ ಒಬ್ಬಳೇ ಮಾಡಿದಳು. ಕೊನೆಕೊನೆಗೆ ಜನ ಕಾರು ಮಾಡಿಕೊಂಡು, ರೈಲಿನಲ್ಲಿ, ವಿಮಾನದಲ್ಲಿ ತಾವೇ ಹೋಗುವುದಕ್ಕೆ ಶುರು ಮಾಡಿದರು. ಐವತ್ತೆರಡು ಸೀಟಿಗೆ ಇಪ್ಪತ್ತು ಜನವೂ ಸೇರದೆ ಹೋದಾಗ ಅಪ್ಪ ಬಸ್ಸು ಮಾರಿದರು. ಎಂಟು ವರ್ಷದ ಮೇಲೆ ಅಪ್ಪನೂ ಹೋದರು. ಕಲ್ಲಕ್ಕ ಗುಬ್ಬಿಯಲ್ಲೇ ತಮ್ಮನ ಸಂಸಾರದ ಜೊತೆ ಇದ್ದಾಳೆ. ಈಗಲೂ ಮದುವೆ ಮನೆಗಳಿಗೆ ಹೋಳಿಗೆ ತಟ್ಟಲು ಕರೆಯುತ್ತಾರೆ, ಹೋಗುತ್ತಾಳೆ.

ಹಡಗಿನ ಮಾತು ಎದ್ದಿದ್ದು ಕುಣಿಗಲ್ಲಿನಲ್ಲಿ, ಒಂದು ಮದುವೆಯ ಊಟದ ಸಾಲಿನಲ್ಲಿ. ನನ್ನ ಪಕ್ಕ ಕೂತಿದ್ದವರು ಗಂಗಲಕ್ಷ್ಮಮ್ಮನವರು. ಅವರ ಯಜಮಾನರು ಅಲ್ಲಿನ ಕುದುರೆ ಫಾರಮ್ಮಿನಲ್ಲಿ ಕೆಲಸದಲ್ಲಿದ್ದರು. ಇಬ್ಬರೂ ಅಪ್ಪನ ಬಸ್ಸಿನಲ್ಲಿ ಐದು ಸಲ ಯಾತ್ರೆ ಮಾಡಿದವರು. ಈಗ ಅವರಿಗೆ ಎಪ್ಪತ್ತೆರಡು, ಯಜಮಾನರಿಲ್ಲ, ಎಡಮಂಡಿ ಕೈಕೊಟ್ಟಿದೆ.

"ಪ್ರಮೀಳಾ, ಮೆಟ್ಲು ಹತ್ತೋ ದೇವಸ್ಥಾನ ಇನ್ನು ನನ್ನ ಕೈಲಾಗಲ್ಲ ಕಣಮ್ಮ" ಅಂದರು. "ನಮ್ಮ ಮೊಮ್ಮಗಳು ತೇಜಸ್ವಿನಿ ಹಡಗಲ್ಲಿ ಹೋಗ್ಬಂದ್ಲು. ಫೋನಲ್ಲಿ ಫೋಟೋ ತೋರಿಸಿದ್ಲು. ಕೂತ ಕಡೆನೇ ಸಮುದ್ರ ಬರ್ತದಂತೆ. ನೀನು ಬಾ, ನಾನು ಬರ್ತೀನಿ. ಕಲ್ಲಮ್ಮನ್ನೂ ಕರ್ಕೊ, ಅಡುಗೆಗೆ. ಅವ್ಳ ಕೈ ಸಾರು ಉಂಡು ಎಷ್ಟು ವರ್ಷ ಆಯ್ತು."

ನಾನು ನಕ್ಕೆ. ಆದರೆ ತುಮಕೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ಮಾರನೇ ವಾರ ಎಂ.ಜಿ. ರಸ್ತೆಯಲ್ಲಿ ಟ್ರಾವೆಲ್ಸ್ ಇಟ್ಟುಕೊಂಡಿರುವ ರವಿಕಿರಣ್ ಹತ್ತಿರ ಹೋದೆ. ಅವರು ಮೊದಲು ದರದ ಪಟ್ಟಿ ಮುಂದಿಟ್ಟರು. ನಾನು ಅದನ್ನು ಪಕ್ಕಕ್ಕೆ ಸರಿಸಿ ಅಪ್ಪ ಕೇಳುತ್ತಿದ್ದ ಪ್ರಶ್ನೆಗಳನ್ನೇ ಕೇಳಿದೆ. ಅಪ್ಪನ ಪ್ರಕಾರ ಎಲ್ಲಿಗೆ ಹೋಗುವುದು ಅನ್ನುವುದು ಮೂರನೇ ಪ್ರಶ್ನೆ. ಯಾರ ಜೊತೆ ಹೋಗುವುದು ಮೊದಲನೆಯದು, ಯಾವ ತಿಂಗಳು ಎರಡನೆಯದು.

"ಮೂರು ಜನ ಹೆಂಗಸ್ರು. ಒಬ್ರಿಗೆ ಮಂಡಿ ನೋವು. ಮೂರು ಜನಾನೂ ಮೊಟ್ಟೆ ಕೂಡ ಮುಟ್ಟಲ್ಲ."

"ಹಂಗಾದ್ರೆ ಜನವರಿ ಮೇಡಂ" ಅಂದರು ರವಿಕಿರಣ್. "ಡಿಸೆಂಬರಿಂದ ಫೆಬ್ರವರಿ ತನಕ ಸಮುದ್ರ ಸಮಾಧಾನವಾಗಿರುತ್ತೆ. ಮಳೆಗಾಲಕ್ಕೆ ಮುಂಚೆ ಮುಂಚೆ ಕಮ್ಮಿ ರೇಟಿಗೆ ಸಿಗುತ್ತೆ ಅಂತ ಹೋಗ್ಬೇಡಿ. ಮೊದಲ್ನೇ ಸಲಕ್ಕೆ ನಾಲ್ಕು ರಾತ್ರಿ ಸಾಕು. ಮುಂಬೈಯಿಂದ ಲಕ್ಷದ್ವೀಪ, ವಾಪಸ್ ಮುಂಬೈ. ದೇಶದೊಳಗೇ ಆದ್ರಿಂದ ಪಾಸ್‌ಪೋರ್ಟ್ ಬೇಡ, ಆಧಾರ್ ನಡೆಯುತ್ತೆ. ದ್ವೀಪದ ಪರ್ಮಿಟ್ ಹಡಗಿನೋರೇ ಮಾಡಿಸ್ತಾರೆ."

ಹಡಗಿನ ನಕ್ಷೆ ತೆಗೆದು ತೋರಿಸಿದರು. ಹನ್ನೊಂದು ಅಂತಸ್ತು, ಒಂದೊಂದರಲ್ಲೂ ನೂರಾರು ಕೋಣೆ. ಒಳಗಡೆಯ ಕೋಣೆಗೆ ಕಿಟಕಿ ಇಲ್ಲ, ದರ ಕಮ್ಮಿ. ಹೊರಗಡೆಯದಕ್ಕೆ ಗಾಜಿನ ಕಿಟಕಿ. ಇನ್ನೂ ಮೇಲಿನದಕ್ಕೆ ಬಾಲ್ಕನಿ.

"ವಾಂತಿ ಆಗೋರಿಗೆ ಯಾವ್ದು ಒಳ್ಳೇದು?" ಅಂದೆ.

"ಕೆಳಗಿನ ಅಂತಸ್ತು, ನಡುಮಧ್ಯ. ಮೇಲೆ ಹೋದಷ್ಟೂ, ತುದಿಗೆ ಹೋದಷ್ಟೂ ತೂಗಾಟ ಜಾಸ್ತಿ."

ಅಪ್ಪ ವಾಂತಿಯವರನ್ನು ಯಾವಾಗಲೂ ಎರಡು ಚಕ್ರದ ನಡುವಿನ ಸೀಟಿಗೆ ಕೂರಿಸುತ್ತಿದ್ದರು. ನನಗೆ ಒಮ್ಮೆಲೇ ಆ ಹಡಗು ಪರಿಚಯದ್ದು ಅನ್ನಿಸಿತು. ಕಿಟಕಿ ಇರುವ, ನಡುಮಧ್ಯದ, ಲಿಫ್ಟಿಗೆ ಹತ್ತಿರದ ಒಂದು ಕೋಣೆ ಗೊತ್ತು ಮಾಡಿದೆ. ಮೂವರಿಗೆ ಒಂದೇ ಕೋಣೆಯಾದರೆ ಮೂರನೇ ಹಾಸಿಗೆ ರೈಲಿನ ಬರ್ತಿನಂತೆ ಮೇಲಿರುತ್ತದೆ, ಏಣಿ ಹತ್ತಬೇಕು ಎಂದರು. ಅದು ನನಗೆ ಇರಲಿ ಅಂದೆ. ಟಿಕೆಟ್ಟಿನ ಹಣದಲ್ಲಿ ಊಟ, ಕೋಣೆ, ಸಂಜೆಯ ಕಾರ್ಯಕ್ರಮ ಸೇರಿವೆ. ದ್ವೀಪದಲ್ಲಿ ಸುತ್ತುವುದು, ಫೋನು, ಇಂಟರ್ನೆಟ್ಟು, ಇಸ್ತ್ರಿಗೆ ಕೊಟ್ಟ ಬಟ್ಟೆ, ಇವಕ್ಕೆಲ್ಲ ಬೇರೆ. ಹತ್ತುವ ಮೊದಲೇ ಕೇಳಿ ಬರೆದುಕೊಂಡು ಬಿಡಿ ಎಂದೂ ಹೇಳಿದರು.

ಕೊನೆಗೆ, "ಅಡುಗೆ ಸಾಮಾನು ಎಷ್ಟು ತಗೊಂಡು ಹೋಗಬಹುದು?" ಅಂತ ಕೇಳಿದೆ.

ರವಿಕಿರಣ್ ನಗಲಿಲ್ಲ. ಒಳ್ಳೆಯ ಮನುಷ್ಯ. "ಮೇಡಂ, ಹಡಗಲ್ಲಿ ಬೆಂಕಿಗೆ ತುಂಬ ಹೆದರ್ತಾರೆ. ಸ್ಟೌವ್, ಕೆಟಲ್, ಇಸ್ತ್ರಿ ಪೆಟ್ಟಿಗೆ ಏನೂ ಇಲ್ಲ. ಊದುಬತ್ತಿ, ಕರ್ಪೂರ ಕೂಡ ಹಚ್ಚೋ ಹಂಗಿಲ್ಲ. ಹಿಟ್ಟು, ಅಕ್ಕಿನೂ ಒಳಗೆ ಬಿಡಲ್ಲ. ಸಸ್ಯಾಹಾರಕ್ಕೆ ಬೇರೆ ಕೌಂಟರೇ ಇರುತ್ತೆ, ಯೋಚನೆ ಮಾಡ್ಬೇಡಿ."

ಗಂಗಲಕ್ಷ್ಮಮ್ಮನವರಿಗೆ ಫೋನ್ ಮಾಡಿ ಹೇಳಿದೆ. ಅವರು, "ಅಡುಗೆ ಇಲ್ದೇ ಹೋದ್ರೆ ಇನ್ನೂ ಒಳ್ಳೇದಾಯ್ತು. ಅವ್ಳೂ ನಮ್ ಜೊತೆ ಕೂತು ಉಣ್ಲಿ" ಅಂದರು. ನಾವಿಬ್ಬರೂ ಸೇರಿ ಕಲ್ಲಕ್ಕನ ಟಿಕೆಟ್ ತೆಗೆಯುವುದೆಂದು ಮಾತಾಯಿತು.

ಮುಂದಿನ ಭಾನುವಾರ ಗುಬ್ಬಿಗೆ ಹೋದೆ. ಕಲ್ಲಕ್ಕ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಸಮುದ್ರ, ಹಡಗು, ನಾಲ್ಕು ರಾತ್ರಿ ಎಲ್ಲ ಹೇಳಿದೆ.

"ಎಷ್ಟು ಜನಕ್ಕೆ?" ಅಂದಳು.

"ನಾವು ಮೂರೇ ಜನ."

"ಮೂರು ಜನಕ್ಕೆ ನಾನ್ಯಾಕವ್ವ? ನೀನೇ ಒಂದು ಪಾವು ಅನ್ನ ಇಟ್ಕೊಳಕ್ಕಾಗಲ್ವಾ?"

ಆಗ ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. "ಗಂಗಲಕ್ಷ್ಮಮ್ಮನೋರಿಗೆ ನಿನ್ನ ಕೈ ಸಾರೇ ಬೇಕಂತೆ" ಅಂದೆ. ಅದು ಸುಳ್ಳಲ್ಲ, ಆದರೆ ನಿಜವೂ ಆಗಿರಲಿಲ್ಲ. ಅವಳ ಮುಖ ಅರಳಿತು. ಎದ್ದು ಒಳಗೆ ಹೋಗಿ ಆಧಾರ್ ಕಾರ್ಡು ತಂದು ಕೊಟ್ಟಳು. ಅದರಲ್ಲಿ ಹೆಸರು ಇಂಗ್ಲಿಷಿನಲ್ಲಿ ತಪ್ಪಾಗಿತ್ತು, ಒಂದು ಅಕ್ಷರ ಕಮ್ಮಿ. ಟಿಕೆಟ್ಟಿನ ಹೆಸರಿಗೂ ಕಾರ್ಡಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಬಂದರಿನಲ್ಲಿ ನಿಲ್ಲಿಸುತ್ತಾರೆ ಎಂದು ರವಿಕಿರಣ್ ಹೇಳಿದ್ದರು. ಸರಿಪಡಿಸುವುದಕ್ಕೆ ಅವಳನ್ನು ಎರಡು ಸಲ ತುಮಕೂರಿಗೆ ಕರೆಸಿದೆ. ಎರಡು ಸಲವೂ ನಮ್ಮ ಮನೆಯಲ್ಲಿ ಕೂತು, ರಾಗಿ ಹಿಟ್ಟು ಎಷ್ಟು, ಸಾರಿನ ಪುಡಿ ಎಷ್ಟು ಎಂದು ಲೆಕ್ಕ ಹಾಕಿದಳು. ನಾನು ಕಾಫಿ ತರುವ ನೆಪದಲ್ಲಿ ಎದ್ದು ಹೋದೆ.

ಹಡಗು ಹೊರಡುವ ಹಿಂದಿನ ದಿನವೇ ಮುಂಬೈ ಸೇರಬೇಕು ಎಂದು ಮೊದಲೇ ನಿಶ್ಚಯ ಮಾಡಿದ್ದೆ. ತಡವಾದವರಿಗೋಸ್ಕರ ಅಪ್ಪ ಬಸ್ಸು ನಿಲ್ಲಿಸುತ್ತಿದ್ದರು, ಹಡಗು ನಿಲ್ಲುವುದಿಲ್ಲ. ತುಮಕೂರಿನಲ್ಲಿ ದಾದರ್ ರೈಲು ಹತ್ತಿದೆವು. ಕಲ್ಲಕ್ಕ ಚಪಾತಿ, ಚಿತ್ರಾನ್ನ, ಹುಚ್ಚೆಳ್ಳು ಪುಡಿ ಕಟ್ಟಿ ತಂದಿದ್ದಳು. ನಮಗೆ ಬಡಿಸಿ, ಎದುರಿನ ಸೀಟಿನ ಹುಬ್ಬಳ್ಳಿಯ ಗಂಡಹೆಂಡಿರಿಗೂ ಬಡಿಸಿ, ಕೊನೆಯಲ್ಲಿ ತಾನು ಉಂಡಳು. ಗಂಗಲಕ್ಷ್ಮಮ್ಮನವರು ಹಳೇ ಬಸ್ಸಿನ ಕಥೆಗಳನ್ನು ಒಂದೊಂದೇ ಬಿಚ್ಚಿದರು. ಝಾನ್ಸಿ ಹತ್ತಿರ ಆಕ್ಸೆಲ್ ಮುರಿದು ಎರಡು ದಿನ ಹೊಲದಲ್ಲಿ ಇದ್ದಿದ್ದು, ಜುಂಜಪ್ಪ ಹೊಲದ ಯಜಮಾನನಿಗೆ ಅಳಿಯನಷ್ಟು ಹತ್ತಿರವಾಗಿದ್ದು, ಹೊರಡುವಾಗ ಆ ಮನೆಯವರೆಲ್ಲ ಬಸ್ಸಿನ ಹಿಂದೆ ಓಡಿ ಬಂದಿದ್ದು. ಕಲ್ಲಕ್ಕ ನಗುತ್ತಾ, "ಆ ಹೊಲದ ಕಡಲೆ ಸೊಪ್ಪಲ್ಲಿ ಎರಡು ದಿನ ಸಾರು ಮಾಡಿದ್ದೆ" ಅಂದಳು. ಅವಳು ಅಷ್ಟು ಸಂತೋಷವಾಗಿದ್ದನ್ನು ಬಹಳ ವರ್ಷದಿಂದ ನೋಡಿರಲಿಲ್ಲ. ಇಷ್ಟರಲ್ಲೇ ಹೇಳಿಬಿಡಬೇಕು, ದಾವಣಗೆರೆ ದಾಟಲಿ, ಹುಬ್ಬಳ್ಳಿ ದಾಟಲಿ ಎಂದುಕೊಳ್ಳುತ್ತಲೇ ಮುಂಬೈ ಬಂತು.

ಬಂದರಿನ ತಪಾಸಣೆಯಲ್ಲಿ ಅವಳ ಚೀಲ ಯಂತ್ರದೊಳಗೆ ಹೋಗಿ ನಿಂತುಬಿಟ್ಟಿತು. ಸಿಬ್ಬಂದಿಯ ಹೆಂಗಸು ಜಿಪ್ ತೆಗೆದು ಒಂದೊಂದೇ ಸಾಮಾನು ಮೇಜಿನ ಮೇಲಿಟ್ಟಳು. ಮೂರು ಕೇಜಿ ರಾಗಿ ಹಿಟ್ಟು, ತೊಗರಿಬೇಳೆ, ಸಾರಿನ ಪುಡಿಯ ಡಬ್ಬಿ, ಕರ್ಪೂರ, ಈಳಿಗೆ ತರಲಾಗದೆ ತಂದಿದ್ದ ಚಾಕು, ಮುದ್ದೆ ಕೋಲು. ಚಾಕು, ಕೋಲಿಗೆ ಚೀಟಿ ಕೊಟ್ಟರು, ವಾಪಸು ಇಳಿಯುವಾಗ ತೆಗೆದುಕೊಳ್ಳಿ ಅಂದರು. ಹಿಟ್ಟು, ಬೇಳೆ, ಪುಡಿ, ಕರ್ಪೂರ ಒಂದು ದೊಡ್ಡ ಬುಟ್ಟಿಗೆ ಹೋದವು. "ಖಾನಾ ಅಂದರ್ ಮಿಲೇಗಾ, ಮಾಜಿ" ಎಂದಳು ಆ ಹೆಂಗಸು.

ಕಲ್ಲಕ್ಕನಿಗೆ ಟೂರಿನ ಹಿಂದಿ ಚೆನ್ನಾಗಿ ಬರುತ್ತದೆ. ಊಟ ಒಳಗೇ ಸಿಗುತ್ತದೆ ಎಂದದ್ದು ಅರ್ಥವಾಯಿತು. ನನ್ನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಲ್ಲಕ್ಕ."

"ಕೆಲಸಕ್ಕೆ ಅಂತ ಕರೆದೆ, ಬಂದೆ. ಸುಮ್ನೆ ಕರ್ಕೊಂಡು ಹೋಗಿ ಸುತ್ತಿಸ್ಕೊಂಡು ಬರ್ತೀನಿ ಅಂತ ಹೇಳಿದ್ರೆ ಬರ್ತಿರ್ಲಿಲ್ಲ. ಅದು ಗೊತ್ತಿದ್ದೇ ಅಲ್ವಾ ನೀನು ಹೇಳ್ದೇ ಇದ್ದಿದ್ದು?"

ಹಿಂದೆ ಜನ ನಿಂತಿದ್ದರು. ಖಾಲಿಯಾದ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಅವಳು ಮುಂದೆ ನಡೆದಳು.

ಹಡಗು ನೋಡಿ ಗಂಗಲಕ್ಷ್ಮಮ್ಮನವರು ಕೈ ಮುಗಿದರು. ಬಿಳೀ ಗೋಡೆಯೊಂದು ಆಕಾಶದವರೆಗೆ ನಿಂತ ಹಾಗಿತ್ತು. ದೊಡ್ಡ ಚೀಲಗಳು ಕೋಣೆಗೆ ಬರುವುದು ಮೂರು ನಾಲ್ಕು ಗಂಟೆ ತಡ ಎಂದು ಗೊತ್ತಿದ್ದರಿಂದ ಮಾತ್ರೆ, ಟವಲ್, ಒಂದೊಂದು ಸೀರೆ ಕೈಚೀಲದಲ್ಲೇ ಇಟ್ಟಿದ್ದೆ. ಒಂದು ಕಾರ್ಡು ಕೊಟ್ಟರು. ಕೋಣೆಯ ಬೀಗಕ್ಕೂ ಅದೇ, ಖರ್ಚಿಗೂ ಅದೇ. ಎಲ್ಲರನ್ನೂ ಒಂದು ಕಡೆ ಸೇರಿಸಿ, ಅಪಾಯ ಬಂದರೆ ಯಾವ ಬಾಗಿಲಿಗೆ ಓಡಬೇಕು, ತೇಲುವ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಎಂದು ತೋರಿಸಿದರು. ಬೇರೆಯವರು ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಗ ಕಲ್ಲಕ್ಕ ಒಬ್ಬಳೇ ಗಮನ ಕೊಟ್ಟು ನೋಡಿ, ಗಂಗಲಕ್ಷ್ಮಮ್ಮನವರ ಜಾಕೆಟ್ಟಿನ ಪಟ್ಟಿ ಬಿಗಿದಳು. ನನ್ನ ಜೊತೆ ಮಾತಾಡಲಿಲ್ಲ.

ಊಟದ ಹಾಲಿನಲ್ಲಿ ಬೇಳೆ, ಪನೀರು, ಪೂರಿ, ಇಡ್ಲಿ, ಹೆಸರು ತಿಳಿಯದ ಇನ್ನೂ ಇಪ್ಪತ್ತು ತಿಂಡಿ. ಅವಳು ತಟ್ಟೆಗೆ ಒಂದು ಇಡ್ಲಿ ಹಾಕಿಕೊಂಡು ನಿಂತೇ ಇದ್ದಳು. ನಾವು ಉಂಡು ಮುಗಿಸುವಷ್ಟರಲ್ಲಿ ನಮ್ಮ ತಟ್ಟೆ, ಪಕ್ಕದ ಮೇಜಿನವರ ತಟ್ಟೆ ಎಲ್ಲ ಒಂದರ ಮೇಲೊಂದು ಪೇರಿಸಿ ಎತ್ತಿಕೊಂಡಳು. ಬಡಿಸುವವನು ಓಡಿಬಂದು ಎರಡೂ ಕೈಯಿಂದ ಅವನ್ನು ತೆಗೆದುಕೊಂಡು, ಬಹಳ ಮರ್ಯಾದೆಯಿಂದ ಕುರ್ಚಿ ಎಳೆದುಕೊಟ್ಟ. ಅವಳು ಕೂತಳು. ತನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಮೇಜಿನ ಮೇಲೆ, ಒಮ್ಮೆ ಮಡಿಲಲ್ಲಿ. ಅದನ್ನು ನೋಡಿ, ನಾನು ಮಾಡಿದ್ದು ಎಂಥ ತಪ್ಪು ಎಂದು ಮೊದಲ ಸಲ ಸರಿಯಾಗಿ ಅರ್ಥವಾಯಿತು.

ಮಾರನೇ ದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವಳು ಸ್ನಾನ ಮುಗಿಸಿ ಕಿಟಕಿಯ ಬಳಿ ಲಿಂಗಪೂಜೆಗೆ ಕೂತಿದ್ದಳು. ಎಡ ಅಂಗೈಯಲ್ಲಿ ಲಿಂಗ, ಸ್ವಲ್ಪ ನೀರು, ವಿಭೂತಿ. ಕರ್ಪೂರ ಇರಲಿಲ್ಲ. ಕಿಟಕಿಯಾಚೆ ನೀರಲ್ಲದೆ ಬೇರೇನೂ ಇರಲಿಲ್ಲ. ಅದೇ ಭಂಗಿಯಲ್ಲಿ ಅವಳನ್ನು ಎಷ್ಟೋ ಛತ್ರದ ಮೂಲೆಗಳಲ್ಲಿ, ನದೀ ದಡಗಳಲ್ಲಿ ನೋಡಿದ್ದೆ. ಮೇಲಿನ ಹಾಸಿಗೆಯಿಂದ ಸುಮ್ಮನೆ ನೋಡುತ್ತಾ ಮಲಗಿದ್ದೆ.

ಹತ್ತು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಜನವರಿಯಾದರೂ ಆ ದಿನ ಸಮುದ್ರಕ್ಕೆ ಏನೋ ಆಗಿತ್ತು. ಹಡಗು ನಿಧಾನವಾಗಿ ಒಂದು ಕಡೆಗೆ ವಾಲಿ, ತಡೆದು, ಇನ್ನೊಂದು ಕಡೆಗೆ ವಾಲುತ್ತಿತ್ತು. ವಾಂತಿ ಮಾತ್ರೆಯನ್ನು ಮುಂಚೆಯೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿ ಕೊಟ್ಟಿದ್ದರು. ಗಂಗಲಕ್ಷ್ಮಮ್ಮನವರು, "ಬಸ್ಸಲ್ಲೇ ಏನೂ ಆಗಿಲ್ಲ ನಂಗೆ" ಎಂದು ತೆಗೆದುಕೊಂಡಿರಲಿಲ್ಲ. ಅವರನ್ನು ಒಪ್ಪಿಸುವ ಗಡಿಬಿಡಿಯಲ್ಲಿ ನಾನೂ ಮರೆತಿದ್ದೆ. ಅರ್ಧ ಗಂಟೆಯೊಳಗೆ ಇಬ್ಬರೂ ನೆಲ ಕಚ್ಚಿದೆವು.

ಕಲ್ಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮಲಗ್ಬ್ಯಾಡಿ, ಏಳಿ ಇಬ್ರೂ" ಎಂದು ಎಬ್ಬಿಸಿ, ಒಂದು ಕೈಯಲ್ಲಿ ಗಂಗಲಕ್ಷ್ಮಮ್ಮನವರನ್ನೂ ಇನ್ನೊಂದರಲ್ಲಿ ನನ್ನನ್ನೂ ಹಿಡಿದು, ಗಾಳಿ ಬರುವ ಕಡೆ ಬೆಂಚಿನ ಮೇಲೆ ಕೂರಿಸಿದಳು. "ಕೆಳಗೆ ನೋಡ್ಬ್ಯಾಡಿ. ಅಗೋ, ದೂರ, ನೀರೂ ಆಕಾಶನೂ ಸೇರೋ ಕಡೆ ನೋಡಿ. ಚಾರ್ಮಾಡಿ ಘಾಟಿಲಿ ನಿಮ್ಗೆ ಹಿಂಗೇ ಹೇಳ್ತಿದ್ದೆ, ಮರ್ತೋಯ್ತಾ?" ಆಮೇಲೆ ಎಲ್ಲಿಗೋ ಹೋದಳು. ನಿಂಬೆಹಣ್ಣು, ಉಪ್ಪು, ಒಣ ಬ್ರೆಡ್ಡು, ಒಂದು ತುಂಡು ಹಸಿ ಶುಂಠಿ ಹಿಡಿದುಕೊಂಡು ಬಂದಳು. ಶುಂಠಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಿ ಅಂದಳು. ಆ ಬೆಂಚಿನಲ್ಲಿದ್ದ ಗುಜರಾತಿ ಮುದುಕಿಯೊಬ್ಬರಿಗೂ, ಅವರ ಮಗಳಿಗೂ ಕೊಟ್ಟಳು. ಮಧ್ಯಾಹ್ನದವರೆಗೆ ಆ ಸಾಲಿನ ಒಂಬತ್ತು ಜನರನ್ನು ನೋಡಿಕೊಂಡಳು.

ಗಾಳಿ ತಗ್ಗಿದ ಮೇಲೆ ನನ್ನ ಪಕ್ಕ ಬಂದು ಕೂತಳು. ಹಿಂದಿನ ದಿನದಿಂದ ಅದೇ ಮೊದಲು.

"ತಪ್ಪಾಯ್ತು ಕಲ್ಲಕ್ಕ" ಅಂದೆ. "ನಿನ್ನ ಕೇಳ್ಬೇಕಿತ್ತು."

"ಹೂಂ, ಕೇಳ್ಬೇಕಿತ್ತು" ಅಂದಳು. "ಶುಂಠಿ ಕೇಳಕ್ಕೆ ಅಡುಗೆ ಮನೆ ಬಾಗ್ಲಿಗೆ ಹೋಗಿದ್ದೆ. ಗೋವಾದೋನು ಒಬ್ಬ ಬಾಣಸಿಗ ಸಿಕ್ದ. ನನ್ನ ವಯಸ್ಸಿಗಿಂತ ಹತ್ತು ಕಮ್ಮಿ ಇರ್ಬೋದು. ನಾನೂ ಅಡುಗೆಯೋಳು ಅಂದೆ. ಎಷ್ಟು ಜನಕ್ಕೆ ಮಾಡ್ತಿದ್ರಿ ಅಂದ. ಐವತ್ತೆರಡು ಅಂದೆ. ಅವ್ನು ಎರಡು ಸಾವ್ರ ಅಂದ."

"ಆಮೇಲೆ?"

"ಹೊರಗಡೆ ಬಿಸ್ಲಿದೆಯಾ ಅಂತ ಕೇಳ್ದ ಕಣೇ. ನಾಲ್ಕು ದಿನದಿಂದ ಆಕಾಶ ನೋಡಿಲ್ವಂತೆ. ಹದಿನೆಂಟು ವರ್ಷ ಸಮುದ್ರದ ಮೇಲಿದಾನೆ, ನಾವು ನಾಳೆ ಹೋಗೋ ದ್ವೀಪಕ್ಕೆ ಒಂದೇ ಒಂದು ಸಲ ಕಾಲಿಟ್ಟಿದಾನಂತೆ. ಎಲ್ರೂ ಇಳಿದು ಹೋದಾಗ ಅವ್ನಿಗೆ ರಾತ್ರಿ ಊಟಕ್ಕೆ ಹೆಚ್ಚೋದು ಇರ್ತದೆ." ಅವಳು ಕೈ ಮಡಿಲಲ್ಲಿಟ್ಟು ಸಮುದ್ರ ನೋಡಿದಳು. "ನಾನು ಅವ್ನ ಮುಖ ನೋಡ್ತಿದ್ದೆ. ಬೇಜಾರೇನೂ ಇರ್ಲಿಲ್ಲ ಅವ್ನಿಗೆ. ನಂಗೂ ಇರ್ಲಿಲ್ಲ ಆಗ. ಆದ್ರೆ ಹೊರಗೆ ನಿಂತು ನೋಡಿದ್ರೆ ಬೇರೆ ಥರ ಕಾಣ್ತದೆ."

ಮೂರನೇ ದಿನ ಬೆಳಗ್ಗೆ ಹಡಗು ಅಗತ್ತಿ ದ್ವೀಪದಿಂದ ದೂರದಲ್ಲೇ ನಿಂತಿತು. ಅಷ್ಟು ದೊಡ್ಡ ಹಡಗು ದಡಕ್ಕೆ ಹೋಗಲಾರದು. ಸಣ್ಣ ದೋಣಿಗಳಲ್ಲಿ ಕರೆದುಕೊಂಡು ಹೋಗುತ್ತಾರೆ. ಹಡಗಿನ ಪಕ್ಕದ ಬಾಗಿಲಿನಿಂದ ಆ ದೋಣಿಗೆ ಕಾಲಿಡಬೇಕು. ದೋಣಿ ಒಂದು ಗೇಣು ಏಳುತ್ತದೆ, ಒಂದು ಗೇಣು ಇಳಿಯುತ್ತದೆ. ಗಂಗಲಕ್ಷ್ಮಮ್ಮನವರು ಎರಡು ಸಲ ಕಾಲು ಮುಂದಿಟ್ಟು ಹಿಂತೆಗೆದರು. ಮಂಡಿ ಒಪ್ಪಲಿಲ್ಲ. ಇಂಥ ಕಡೆ ಇಳಿಯುವುದು ದೋಣಿಯಲ್ಲೋ, ಸೀದಾ ದಡಕ್ಕೋ ಎಂದು ಟಿಕೆಟ್ ತೆಗೆಯುವ ಮುಂಚೆ ನಾನು ಕೇಳಿರಲಿಲ್ಲ. ಅಷ್ಟೆಲ್ಲ ಪ್ರಶ್ನೆ ಕೇಳಿದವಳು ಅದೊಂದನ್ನು ಬಿಟ್ಟಿದ್ದೆ. ಗಾಲಿ ಕುರ್ಚಿಯವರಿಗೆ, ಮಂಡಿ ನೋವಿನವರಿಗೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಅದೇ.

"ನೀವಿಬ್ರೂ ಹೋಗ್ಬನ್ನಿ. ನಾನು ಇಲ್ಲೇ ಕೂತಿರ್ತೀನಿ" ಅಂದರು ಅವರು. ದನಿ ಇಳಿದಿತ್ತು.

ಕಲ್ಲಕ್ಕ ಅಭ್ಯಾಸಬಲದಿಂದ, "ನಾನಿರ್ತೀನಿ ನಿಮ್ ಜೊತೆ" ಅಂದಳು.

"ಬೇಡ" ಅಂದೆ ನಾನು. "ನಾನಿರ್ತೀನಿ. ಈ ಸಲ ಕೇಳ್ತಾ ಇದೀನಿ ಕಲ್ಲಕ್ಕ, ನಿಂಗೆ ಹೋಗೋ ಮನಸ್ಸಿದ್ಯಾ?"

ಅವಳು ದೋಣಿ ನೋಡಿದಳು. ನನ್ನನ್ನು ನೋಡಿದಳು. "ಇದೆ" ಅಂದಳು. ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ದೋಣಿ ಮೇಲೆ ಬರುವ ಹದ ನೋಡಿ ಸಲೀಸಾಗಿ ಕಾಲಿಟ್ಟಳು. ಗುಜರಾತಿ ಅಮ್ಮನ ಮಗಳು ಜಾಗ ಬಿಟ್ಟಳು. ದೋಣಿ ಹಸಿರು ನೀರಿನ ಮೇಲೆ ಸಣ್ಣದಾಗುತ್ತಾ ಹೋಯಿತು.

ನಾವಿಬ್ಬರೂ ಮೇಲಿನ ಅಂತಸ್ತಿನಲ್ಲಿ ಕೂತೆವು. ಹಡಗು ಮುಕ್ಕಾಲು ಖಾಲಿಯಾಗಿತ್ತು. ಗಂಗಲಕ್ಷ್ಮಮ್ಮನವರು ಯಜಮಾನರ ಮಾತೆತ್ತಿದರು. ಕುದುರೆ ಫಾರಮ್ಮಿನಿಂದ ಸಂಜೆ ಬರುವಾಗ ಅವರ ಬಟ್ಟೆಯಲ್ಲಿ ಹುಲ್ಲಿನ ವಾಸನೆ ಇರುತ್ತಿದ್ದಿದ್ದು, ಯಾತ್ರೆಗೆಂದರೆ ರಜ ಕೂಡಿಡುತ್ತಿದ್ದಿದ್ದು, ಕನ್ಯಾಕುಮಾರಿಯಲ್ಲಿ ಹೊಸ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಂದು ಬಸ್ಸು ಹತ್ತಿದ್ದು. "ನಿಮ್ಮಪ್ಪ ತಮ್ಮ ಚಪ್ಪಲಿನೇ ಬಿಟ್ಕೊಟ್ರು ಕಣಮ್ಮ" ಅಂದರು. ನನಗದು ಗೊತ್ತಿರಲಿಲ್ಲ. ಅಪ್ಪ ಹೋಗಿ ಎಂಟು ವರ್ಷವಾದ ಮೇಲೆ, ಅರಬ್ಬೀ ಸಮುದ್ರದ ನಡುವೆ ಅಪ್ಪನ ಬಗ್ಗೆ ಒಂದು ಹೊಸ ಸಂಗತಿ ಸಿಕ್ಕಿತು.

ಮೂರು ಗಂಟೆಯಿಂದ ದೋಣಿಗಳು ವಾಪಸು ಬರಲು ಶುರುವಾದವು. ಒಂದು, ಎರಡು, ಮೂರು. ಕಲ್ಲಕ್ಕ ಇರಲಿಲ್ಲ. ನಾಲ್ಕನೆಯದರಲ್ಲಿ ಗುಜರಾತಿ ಮಗಳು ಬಂದಳು. ನೀರಿನ ಹತ್ತಿರ ಬಿಟ್ಟೆ, ಆಮೇಲೆ ಕಾಣಲಿಲ್ಲ ಅಂದಳು. ಫೋನು ಹೋಗುತ್ತಿರಲಿಲ್ಲ. ಇನ್ನೊಂದೇ ದೋಣಿ ಬಾಕಿ ಎಂದರು ಸಿಬ್ಬಂದಿಯವರು. ಕಂಬಿ ಹಿಡಿದುಕೊಂಡು ನಿಂತೆ. ಗಂಗಲಕ್ಷ್ಮಮ್ಮನವರು ದೇವರ ಹೆಸರು ಹೇಳುತ್ತಿದ್ದರು.

ಕೊನೆಯ ದೋಣಿಯ ಮುಂದಿನ ಸಾಲಿನಲ್ಲೇ ಕೂತಿದ್ದಳು. ಕುತ್ತಿಗೆಯವರೆಗೂ ಒದ್ದೆ. ಮಡಿಲಲ್ಲಿ ಎರಡು ಪುಟ್ಟ ತೆಂಗಿನಕಾಯಿ.

"ಎಲ್ಲೋಗಿದ್ದೆ? ಜೀವ ಹೋಗಿತ್ತು ನಮ್ಗೆ!" ಅಂದೆ.

"ಬೈಬ್ಯಾಡ ಬುಡು, ಬಂದ್ನಲ್ಲ" ಅಂದಳು ನಗುತ್ತಾ. "ನೀರಲ್ಲಿ ಕೂತಿದ್ದೆ. ಎದ್ದೇಳಕ್ಕೆ ಮನಸ್ಸಾಗ್ಲಿಲ್ಲ. ಆಮೇಲೆ ಅಲ್ಲಿಯೋಳು ಒಬ್ಬಳು ಒಣಗಿದ ಟವಲ್ ಕೊಟ್ಟು ಮನೆಗೆ ಕರೆದ್ಲು. ಮಾತು ತಿಳೀಲಿಲ್ಲ. ಕೊಬ್ರಿ ಒಣಹಾಕಿದ್ಲು, ನಾನೂ ನಾಲ್ಕು ಹೋಳು ತಿರುವಿ ಹಾಕ್ದೆ. ನೋಡು, ಇಷ್ಟೇ ಇಷ್ಟು ಕಾಯಿ. ನಮ್ಮ ಗುಬ್ಬಿ ಕಾಯಿ ಮುಂದೆ ಮಗು ಇದ್ದಂಗದೆ. ಒಳ್ಳೇ ಎಣ್ಣೆ ಬರ್ತದೆ ಅಂತ ಕೈಸನ್ನೇಲಿ ತೋರಿಸಿದ್ಲು."

ಬಟ್ಟೆ ಬದಲಾಯಿಸಿ ಬಂದು, ಹಡಗು ಹೊರಟ ಮೇಲೆ, ಸಂಜೆ ಬಿಸಿಲಿನಲ್ಲಿ ನಮ್ಮ ನಡುವೆ ಕೂತಳು. ಯಾರೂ ಕೇಳದೆಯೇ ಹೇಳಿದಳು.

"ಮೊದಲ್ನೇ ಟೂರಲ್ಲಿ, ಪುರಿಲಿ, ನಮ್ಮ ಮನೆಯೋರು ನಂಗೆ ಹೇಳಿದ್ರು, ಪಾತ್ರೆ ತೊಳೆದು ಇಬ್ರೂ ನೀರಿಗೆ ಹೋಗಣ ಅಂತ. ಪಾತ್ರೆ ಮುಗಿಯೋ ಹೊತ್ಗೆ ಜುಂಜಪ್ಪ ಹಾರನ್ ಹೊಡೆದ. ಮುಂದಿನ ಸಲ ಅಂದ್ರು. ಹನ್ನೊಂದು ವರ್ಷ ಮುಂದಿನ ಸಲ, ಮುಂದಿನ ಸಲ ಅಂದ್ಕೊಂಡೇ ಓಡಾಡಿದ್ವಿ. ಬಾವಿಲಿ ಈಜು ಕಲಿತೋರು ಅವ್ರು. ಇವತ್ತು ಇದ್ದಿದ್ರೆ ಬಟ್ಟೆ ಸಮೇತ ಬೀಳ್ತಿದ್ರು."

ಗಂಗಲಕ್ಷ್ಮಮ್ಮನವರು ಅವಳ ಕೈ ಹಿಡಿದುಕೊಂಡರು. ಬಡಿಸುವವನು ಮೂರು ಕಪ್ ಟೀ ತಂದಿಟ್ಟ. ಕಲ್ಲಕ್ಕ ಕಪ್ ಎತ್ತಿಕೊಂಡು ಕುರ್ಚಿಗೆ ಒರಗಿ, ನಿಧಾನವಾಗಿ ಕುಡಿದಳು.

ಊರಿಗೆ ಬಂದು ಎರಡು ತಿಂಗಳಾಗಿರಬಹುದು, ಒಂದು ಬೆಳಗ್ಗೆ ತಾನಾಗಿಯೇ ನಮ್ಮ ಮನೆಗೆ ಬಂದಳು. ಚೆನ್ನೈಯಿಂದ ಶ್ರೀಲಂಕಾಕ್ಕೆ ಹೋಗುವ ಹಡಗಿದೆಯಂತೆ, ಅದು ಸೀದಾ ದಡಕ್ಕೇ ಹೋಗಿ ನಿಲ್ಲುತ್ತದಂತೆ, ಗಂಗಲಕ್ಷ್ಮಮ್ಮನೋರೂ ಇಳೀಬಹುದು, ಅದಕ್ಕೆ ಪಾಸ್‌ಪೋರ್ಟ್ ಬೇಕಂತೆ, ಮಾಡಿಸಿಕೊಡು ಅಂದಳು. ಇದನ್ನೆಲ್ಲ ಯಾರು ಹೇಳಿದರು ಎಂದರೆ, "ರವಿಕಿರಣ್‌ನ ಕೇಳ್ದೆ" ಅಂದಳು. ದುಡ್ಡು ಈ ಸಲ ತನ್ನದೇ, ಹೋಳಿಗೆಯ ದುಡ್ಡು ಎಂದೂ ಹೇಳಿದಳು. ಅರ್ಜಿ ಹಾಕಿ, ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದೆ.

ಹದಿನೈದು ದಿನದ ಮೇಲೆ ಗುಬ್ಬಿ ಠಾಣೆಯಿಂದ ಕಿರಣ್‌ಕುಮಾರ್ ಎನ್ನುವ ಪೇದೆ ವಿಚಾರಣೆಗೆ ಬಂದ. ಆ ದಿನ ನಾನೂ ಅಲ್ಲಿದ್ದೆ. ಕಾಗದ ಎಲ್ಲ ನೋಡಿ, ಸಹಿ ಹಾಕಿಸಿ, "ಅಜ್ಜಿ, ಹೊರದೇಶದಲ್ಲಿ ಮಗನೋ ಮಗಳೋ ಇದಾರಾ?" ಎಂದು ಕೇಳಿದ.

"ಯಾರೂ ಇಲ್ಲ ಕಣಪ್ಪ."

"ಮತ್ತೆ ಅಲ್ಲಿಗೆ ಯಾಕೆ?"

"ನೋಡ್ಕೊಂಡು ಬರಕ್ಕೆ" ಅಂದಳು ಕಲ್ಲಕ್ಕ.

ಅವನು ಅದನ್ನೇ ಫಾರಮ್ಮಿನಲ್ಲಿ ಬರೆದುಕೊಂಡು, ಟೋಪಿ ಹಾಕಿಕೊಂಡು ಹೊರಟ.